ನರ್ಸಿಂಗ್ ಸ್ಕಾಲರ್‌ಶಿಪ್: ತಲಪಾಡಿಯ ಎರಡೂ ಬದಿಯವರು ಸೀಟು ಹಿಡಿಯುವ ಮೊದಲೇ ನೋಡಬೇಕಾದ ಲೆಕ್ಕ

ಬೆಳಿಗ್ಗೆ ಕಾಸರಗೋಡಿನಿಂದ ಮಂಗಳೂರಿಗೆ ಹೋಗುವ ಬಸ್ಸಿಗೆ ಕುಂಬಳೆ, ಉಪ್ಪಳ, ಮಂಜೇಶ್ವರದಲ್ಲಿ ಹತ್ತುವವರಲ್ಲಿ ನರ್ಸಿಂಗ್ ಕಲಿಯುವ ಹೆಣ್ಮಕ್ಕಳೂ ಇರುತ್ತಾರೆ. ಮನೆ ಕೇರಳದಲ್ಲಿ, ಕಾಲೇಜು ಕರ್ನಾಟಕದಲ್ಲಿ. ದೂರ ನೋಡಿದರೆ ತಿರುವನಂತಪುರಕ್ಕಿಂತ ಮಂಗಳೂರೇ ಹತ್ತಿರ, ಭಾಷೆಯೂ ಗೊತ್ತು, ಸಂಬಂಧಿಕರೂ ಇದ್ದಾರೆ. ಹಾಗಾಗಿ ಪ್ಲಸ್ ಟು ರಿಸಲ್ಟ್ ಬಂದ ಕೂಡಲೇ ಮನೆಯವರ ಕಣ್ಣು ಹೋಗುವುದು ತಲಪಾಡಿಯ ಆಚೆಗೆ.

ತೊಂದರೆ ಗೊತ್ತಾಗುವುದು ಸೀಟು ಹಿಡಿದು, ಮೊದಲ ಕಂತು ಕಟ್ಟಿ ಆದ ಮೇಲೆ. ಕರ್ನಾಟಕದ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕ್ಲಿಕ್ಕೆ ಹೋದರೆ "ನೀವು ಕೇರಳದವರು" ಅನ್ನುತ್ತಾರೆ. ಕೇರಳದ್ದಕ್ಕೆ ಹೋದರೆ "ನೀವು ಕಲಿಯುವುದು ಕರ್ನಾಟಕದಲ್ಲಿ" ಅನ್ನುತ್ತಾರೆ. ಎರಡು ರಾಜ್ಯಗಳ ನಡುವೆ ಮಗು ಎಲ್ಲಿಯೂ ಇಲ್ಲದ ಹಾಗೆ ಆಗುತ್ತದೆ. ಎರಡನೇ ವರ್ಷದ ಫೀಸಿಗೆ ಉಮ್ಮನ ಬಂಗಾರ ಬ್ಯಾಂಕಿಗೆ ಹೋಗುವುದು, ಇಲ್ಲದಿದ್ದರೆ ಕಲಿಕೆಯೇ ನಿಲ್ಲುವುದು ಇಂಥ ಮನೆಗಳಲ್ಲಿಯೇ.

ಆದ್ದರಿಂದ ಈ ಲೇಖನದ ಮುಖ್ಯ ಮಾತು ಇಷ್ಟೇ: ಸ್ಕಾಲರ್‌ಶಿಪ್ ಹುಡುಕಬೇಕಾದ್ದು ಸೀಟು ಸಿಕ್ಕಿದ ಮೇಲಲ್ಲ, ಸೀಟು ಆರಿಸುವ ಮೊದಲು. ಯಾವ ಕೋರ್ಸು, ಯಾವ ಕಾಲೇಜು, ಯಾವ ರಾಜ್ಯ, ಯಾವ ಬಗೆಯ ಸೀಟು ಎನ್ನುವ ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಡುವಾಗಲೇ ಯಾವ ಹಣ ಸಿಗ್ತದೆ, ಯಾವುದು ಸಿಗ್ಲಿಕ್ಕಿಲ್ಲ ಎಂಬುದೂ ತೀರ್ಮಾನ ಆಗಿಬಿಡುತ್ತದೆ.

ಮೊದಲು ಕೋರ್ಸಿನ ವಿಷಯ

ನರ್ಸಿಂಗ್ ಎಂದರೆ ಒಂದೇ ಕೋರ್ಸ್ ಅಲ್ಲ. ಎಎನ್‌ಎಂ 2 ವರ್ಷದ್ದು. ಜಿಎನ್‌ಎಂ 3 ವರ್ಷದ ಡಿಪ್ಲೊಮಾ. ಇದಕ್ಕೆ ಪಿಯುಸಿ ಅಥವಾ ಪ್ಲಸ್ ಟುವಿನಲ್ಲಿ ಯಾವ ವಿಭಾಗವಾದರೂ ಆಗುತ್ತದೆ, ಇಂಗ್ಲಿಷ್ ಇರಬೇಕು, 40 ಶೇಕಡಾ ಅಂಕ ಬೇಕು. ಬಿಎಸ್ಸಿ ನರ್ಸಿಂಗ್ 4 ವರ್ಷದ ಪದವಿ. ಇದಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು, ಸಾಮಾನ್ಯ ವರ್ಗಕ್ಕೆ 45 ಶೇಕಡಾ ಬೇಕು. ಜಿಎನ್‌ಎಂ ಮುಗಿಸಿದವರು 2 ವರ್ಷದ ಪೋಸ್ಟ್ ಬೇಸಿಕ್ ಮಾಡಿ ಪದವಿ ಪಡೆಯಬಹುದು.

ಸ್ಕಾಲರ್‌ಶಿಪ್ ಲೆಕ್ಕದಲ್ಲಿ ಈ ವ್ಯತ್ಯಾಸ ದೊಡ್ಡದು. ಪದವಿಗೆ ಮಾತ್ರ ಕೊಡುವ ಯೋಜನೆಗೆ ಜಿಎನ್‌ಎಂನವರು ಅರ್ಜಿ ಹಾಕಿದರೆ ತಿರಸ್ಕಾರ ಆಗುತ್ತದೆ. ಡಿಪ್ಲೊಮಾಕ್ಕೆಂದೇ ಇರುವ ಯೋಜನೆಗೆ ಬಿಎಸ್ಸಿಯವರು ಹಾಕಿದರೂ ಅದೇ ಗತಿ.

ಇನ್ನೊಂದು ತಪ್ಪು ತಿಳುವಳಿಕೆ. "ಹೆಣ್ಮಕ್ಕಳಿಗೆ ವರ್ಷಕ್ಕೆ 50,000" ಎಂದು ವಾಟ್ಸಾಪ್‌ನಲ್ಲಿ ಬರುವ ಪ್ರಗತಿ ಸ್ಕಾಲರ್‌ಶಿಪ್ ಎಐಸಿಟಿಇ ಅಂಗೀಕಾರದ ತಾಂತ್ರಿಕ ಕೋರ್ಸುಗಳಿಗೆ. ನರ್ಸಿಂಗ್ ಆ ವ್ಯಾಪ್ತಿಗೆ ಬರುವುದಿಲ್ಲ. ಅದರ ಹಿಂದೆ ಅಲೆದು ದಿನ ಕಳೆಯಬೇಡಿ.

ಮೂರು ಬಗೆಯ ಹಣ

ನೂರಾರು ಹೆಸರು ನೆನಪಿಡುವ ಅಗತ್ಯ ಇಲ್ಲ. ಹಣ ಮೂರು ದಾರಿಯಲ್ಲಿ ಬರುತ್ತದೆ. ಒಂದು, ವಿದ್ಯಾರ್ಥಿಯ ಜೊತೆ ಎಲ್ಲಿಗೆ ಹೋದರೂ ಬರುವ ಕೇಂದ್ರದ ಹಣ. ಎರಡು, ಮನೆಯ ವಿಳಾಸ ಮತ್ತು ಕಾಲೇಜಿನ ಜಾಗ ನೋಡಿ ಕೊಡುವ ರಾಜ್ಯದ ಹಣ. ಮೂರು, ಉಪ್ಪ ಅಥವಾ ಉಮ್ಮ ಮಾಡುವ ಕೆಲಸದ ಮೇಲೆ ಬರುವ ಕ್ಷೇಮನಿಧಿಯ ಹಣ. ನಮ್ಮವರು ಹೆಚ್ಚಾಗಿ ಮರೆಯುವುದು ಈ ಮೂರನೆಯದನ್ನು.

ಗಡಿ ದಾಟಿದರೂ ಬರುವ ಕೇಂದ್ರದ ಹಣ

ಕೇಂದ್ರದ ಹೆಚ್ಚಿನ ಯೋಜನೆಗಳಿಗೆ ಬಾಗಿಲು ಒಂದೇ, ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್, ಎನ್‌ಎಸ್‌ಪಿ.

ಬಿಎಸ್ಸಿ ನರ್ಸಿಂಗ್‌ನವರು ಮೊದಲು ನೋಡಬೇಕಾದ್ದು ಶಿಕ್ಷಣ ಸಚಿವಾಲಯದ ಪಿಎಂ-ಯುಎಸ್‌ಪಿ ಸೆಂಟ್ರಲ್ ಸೆಕ್ಟರ್ ಸ್ಕಾಲರ್‌ಶಿಪ್. ಇದು ಜಾತಿ, ಧರ್ಮ ನೋಡುವುದಿಲ್ಲ. 12ನೇ ತರಗತಿಯಲ್ಲಿ ತಮ್ಮ ಬೋರ್ಡಿನ, ತಮ್ಮ ವಿಭಾಗದ ಮೇಲಿನ 20 ಶೇಕಡಾ ಮಕ್ಕಳಲ್ಲಿ ಒಬ್ಬರಾಗಿರಬೇಕು. 80 ಪರ್ಸೆಂಟೈಲ್ ಎಂದರೆ 80 ಶೇಕಡಾ ಅಂಕ ಎಂದಲ್ಲ. ಪ್ರತಿ ವರ್ಷ ಪ್ರತಿ ಬೋರ್ಡಿಗೆ ಕಟ್-ಆಫ್ ಬೇರೆ ಇರುತ್ತದೆ. ಮನೆಯ ವಾರ್ಷಿಕ ಆದಾಯ 4.5 ಲಕ್ಷದ ಒಳಗಿರಬೇಕು. ಮೊದಲ ಮೂರು ವರ್ಷ ತಲಾ 12,000 ರೂಪಾಯಿ, ನಾಲ್ಕು ವರ್ಷದ ವೃತ್ತಿಪರ ಪದವಿಗೆ ನಾಲ್ಕನೇ ವರ್ಷ 20,000. ಅರ್ಧದಷ್ಟು ಹೆಣ್ಮಕ್ಕಳಿಗೆ ಮೀಸಲು. ಕೇರಳ ಬೋರ್ಡಿನಲ್ಲಿ ಪ್ಲಸ್ ಟು ಮಾಡಿದವರು ಕರ್ನಾಟಕದಲ್ಲಿ ಬಿಎಸ್ಸಿ ಕಲಿತರೂ ಅರ್ಜಿ ಹಾಕಬಹುದು. ಗಡಿಯವರಿಗೆ ಇದೇ ದೊಡ್ಡ ಅನುಕೂಲ. ಆದರೆ ಜಿಎನ್‌ಎಂ, ಎಎನ್‌ಎಂನವರಿಗೆ ಇಲ್ಲ. ಬೇರೆ ಸರಕಾರಿ ಸ್ಕಾಲರ್‌ಶಿಪ್ ಪಡೆಯುವವರಿಗೂ ಇಲ್ಲ. ಮುಂದಿನ ವರ್ಷ ನವೀಕರಿಸಬೇಕಾದರೆ 50 ಶೇಕಡಾ ಅಂಕ, 75 ಶೇಕಡಾ ಹಾಜರಿ ಬೇಕು.

ಅಲ್ಪಸಂಖ್ಯಾತ ವ್ಯವಹಾರಗಳ ಸಚಿವಾಲಯದ ಪೋಸ್ಟ್ ಮೆಟ್ರಿಕ್ ಮತ್ತು ಮೆರಿಟ್ ಕಮ್ ಮೀನ್ಸ್ ಎಂಬ ಎರಡು ಯೋಜನೆಗಳನ್ನು ನಮ್ಮಲ್ಲಿ ಎಲ್ಲರೂ ಕೇಳಿದ್ದಾರೆ. ಎರಡಕ್ಕೂ ಹಿಂದಿನ ಪರೀಕ್ಷೆಯಲ್ಲಿ 50 ಶೇಕಡಾ ಬೇಕಿತ್ತು. ಪೋಸ್ಟ್ ಮೆಟ್ರಿಕ್‌ಗೆ ಆದಾಯ ಮಿತಿ 2 ಲಕ್ಷ, ಮೆರಿಟ್ ಕಮ್ ಮೀನ್ಸ್‌ಗೆ 2.5 ಲಕ್ಷ. ಆದರೆ ಇತ್ತೀಚಿನ ವರ್ಷಗಳಲ್ಲಿ ಇವು ಮೊದಲಿನ ಹಾಗೆ ನಡೆದಿಲ್ಲ. ಅಣ್ಣನಿಗೆ ಸಿಕ್ಕಿತ್ತು, ತಂಗಿಗೂ ಸಿಗಬಹುದು ಎಂದು ಬಜೆಟ್ ಹಾಕಬೇಡಿ. ಆ ವರ್ಷ ಎನ್‌ಎಸ್‌ಪಿಯ ಪಟ್ಟಿಯಲ್ಲಿ ಯೋಜನೆಯ ಹೆಸರು ತೆರೆದಿದ್ದರೆ ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

ವಿಳಾಸ ಮತ್ತು ಕಾಲೇಜು ನೋಡಿ ಕೊಡುವ ರಾಜ್ಯದ ಹಣ

ಮನೆ ಕೇರಳದಲ್ಲಿದ್ದು ಕಲಿಕೆಯೂ ಕೇರಳದಲ್ಲಾದರೆ ಕೇರಳ ಅಲ್ಪಸಂಖ್ಯಾತ ಕ್ಷೇಮ ಇಲಾಖೆಯ ಎರಡು ಯೋಜನೆಗಳನ್ನು ನೋಡಬೇಕು.

ಮದರ್ ತೆರೇಸಾ ಸ್ಕಾಲರ್‌ಶಿಪ್ ನರ್ಸಿಂಗ್ ಡಿಪ್ಲೊಮಾ ಮತ್ತು ಪ್ಯಾರಾಮೆಡಿಕಲ್ ಕೋರ್ಸಿನವರಿಗೆ. ಮೊತ್ತ 15,000 ರೂಪಾಯಿ. ಅರ್ಹತಾ ಪರೀಕ್ಷೆಯಲ್ಲಿ 45 ಶೇಕಡಾ ಅಂಕ ಬೇಕು, ಬಿಪಿಎಲ್ ಮನೆಯವರಿಗೆ ಆದ್ಯತೆ, ಅರ್ಧ ಹೆಣ್ಮಕ್ಕಳಿಗೆ. ಅಂದರೆ ಕೇರಳದಲ್ಲಿ ಜಿಎನ್‌ಎಂ ಕಲಿಯುವ ಮಗುವಿಗೆ ನೇರವಾಗಿ ಹೊಂದುವ ಯೋಜನೆ ಇದು.

ಸಿ.ಎಚ್. ಮುಹಮ್ಮದ್ ಕೋಯ ಸ್ಕಾಲರ್‌ಶಿಪ್ ಹೆಣ್ಮಕ್ಕಳಿಗೆ ಮಾತ್ರ. ಪದವಿಗೆ 5,000, ಸ್ನಾತಕೋತ್ತರಕ್ಕೆ 6,000, ವೃತ್ತಿಪರ ಕೋರ್ಸಿಗೆ 7,000 ರೂಪಾಯಿ. ಹಾಸ್ಟೆಲಿನಲ್ಲಿರುವವರಿಗೆ ಹಾಸ್ಟೆಲ್ ಸ್ಟೈಪೆಂಡ್ 13,000. ಸ್ವಾಶ್ರಯ ಕಾಲೇಜಿನಲ್ಲಿ ಕಲಿಯುವವರಾದರೆ ಸರಕಾರದ ಮೆರಿಟ್ ಪಟ್ಟಿಯಿಂದ ಸೀಟು ಸಿಕ್ಕಿರಬೇಕು. ಮ್ಯಾನೇಜ್‌ಮೆಂಟ್ ಸೀಟಿನವರು ಹೊರಗೆ. ಸೀಟಿನ ಬಗೆ ಎಷ್ಟು ಮುಖ್ಯ ಎನ್ನುವುದಕ್ಕೆ ಇದೇ ಉದಾಹರಣೆ.

ಉಪ್ಪ ಗಲ್ಫಿನಲ್ಲಿ ಕಡಿಮೆ ಸಂಬಳದ ಕೆಲಸದಲ್ಲಿದ್ದರೆ ಅಥವಾ ಊರಿಗೆ ಮರಳಿ ಬಂದಿದ್ದರೆ ನೋರ್ಕಾ ರೂಟ್ಸ್‌ನ ಡೈರೆಕ್ಟರ್ಸ್ ಸ್ಕಾಲರ್‌ಶಿಪ್ ಇದೆ. ವೃತ್ತಿಪರ ಪದವಿಗಳ ಸಾಲಿನಲ್ಲಿ ಬಿಎಸ್ಸಿ ನರ್ಸಿಂಗ್ ಕೂಡ ಬರುತ್ತದೆ. ಅರ್ಹತಾ ಪರೀಕ್ಷೆಯಲ್ಲಿ 60 ಶೇಕಡಾ ಬೇಕು. ಪ್ರವಾಸಿ ಕ್ಷೇಮನಿಧಿಗೆ ಉಪ್ಪ ಅಂಶದಾಯಿ ಕಟ್ಟುತ್ತಾ ಬಂದಿದ್ದರೆ ಅಲ್ಲಿಯೂ ಮಕ್ಕಳ ಕಲಿಕೆಗೆ ಸಹಾಯ ಇದೆ.

ಕಾಸರಗೋಡು ಜಿಲ್ಲೆಯ ಕನ್ನಡದವರಿಗೆ ಒಂದು ಮಾತು. ಈ ಪ್ರಕಟಣೆಗಳೆಲ್ಲ ಮಲಯಾಳದಲ್ಲಿ ಬರುತ್ತವೆ. ಓದಲು ಬಾರದು ಎಂದು ಬಿಟ್ಟುಬಿಡಬೇಡಿ. 1969ರ ಕೇರಳ ಅಧಿಕೃತ ಭಾಷಾ ಕಾನೂನು ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರಿಗೆ ಕಚೇರಿಗಳೊಂದಿಗೆ ಕನ್ನಡದಲ್ಲಿ ಪತ್ರ ವ್ಯವಹಾರ ಮಾಡುವ ಹಕ್ಕು ಕೊಟ್ಟಿದೆ. ಗ್ರಾಮ ಕಚೇರಿಯಲ್ಲಿ, ಅಕ್ಷಯ ಕೇಂದ್ರದಲ್ಲಿ ಕೇಳಿ ತಿಳಿದುಕೊಳ್ಳಲು ನಾಚಿಕೆ ಬೇಡ.

ಮನೆ ಕರ್ನಾಟಕದಲ್ಲಿದ್ದರೆ, ಅಂದರೆ ಉಳ್ಳಾಲ, ಬಂಟ್ವಾಳ, ಪುತ್ತೂರು, ಬೆಳ್ತಂಗಡಿ ಕಡೆಯವರಾದರೆ, ದಾರಿ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಎಸ್‌ಎಸ್‌ಪಿ. ಮೆಟ್ರಿಕ್ ನಂತರದ ಅಲ್ಪಸಂಖ್ಯಾತ ವಿದ್ಯಾರ್ಥಿವೇತನದ ಅರ್ಜಿ ಇದರಲ್ಲೇ. ನಾಡಕಚೇರಿಯಿಂದ ಪಡೆದ ಆದಾಯ ಪತ್ರ ಮತ್ತು ಜಾತಿ ಅಥವಾ ಅಲ್ಪಸಂಖ್ಯಾತ ಪತ್ರದ ಆರ್‌ಡಿ ಸಂಖ್ಯೆ, ಕಾಲೇಜಿನ ನೋಂದಣಿ ಸಂಖ್ಯೆ, ದಾಖಲೆಗಳ ಇ-ದೃಢೀಕರಣ ಇವಿಷ್ಟು ಮೊದಲೇ ತಯಾರಿರಬೇಕು. ಜಿಲ್ಲಾ ಅಲ್ಪಸಂಖ್ಯಾತರ ಕಲ್ಯಾಣ ಕಚೇರಿಗೆ ಒಮ್ಮೆ ಹೋಗಿ ಆ ವರ್ಷ ನರ್ಸಿಂಗ್‌ಗೆ ಪ್ರತ್ಯೇಕ ಪ್ರಕಟಣೆ ಇದೆಯಾ ಎಂದು ಕೇಳಿ. ಫೋನಿಗಿಂತ ನೇರ ಹೋಗುವುದೇ ಒಳ್ಳೆಯದು.

10 ಮತ್ತು 12ನೇ ತರಗತಿ ಎರಡನ್ನೂ ಕರ್ನಾಟಕದ ಸರಕಾರಿ ಶಾಲೆ, ಕಾಲೇಜಿನಲ್ಲಿ ಓದಿದ ಹೆಣ್ಮಕ್ಕಳು ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್ ನೋಡಬೇಕು. ವರ್ಷಕ್ಕೆ 30,000 ರೂಪಾಯಿ, ಕೋರ್ಸ್ ಮುಗಿಯುವ ತನಕ. ಪದವಿಗೂ ಆಗುತ್ತದೆ, 2ರಿಂದ 5 ವರ್ಷದ ಡಿಪ್ಲೊಮಾಕ್ಕೂ ಆಗುತ್ತದೆ. ಆದರೆ ಅರ್ಜಿ ಮೊದಲ ವರ್ಷದಲ್ಲೇ ಹಾಕಬೇಕು. ಖಾಸಗಿ ಕಾಲೇಜಿನ ಸೀಟಾದರೆ ಆ ಕಾಲೇಜು ಅವರ ಷರತ್ತಿಗೆ ಹೊಂದುತ್ತದಾ ಎಂದು ನೋಡಿ.

ಗಡಿ ದಾಟುವವರಿಗೆ ಸಿಇಟಿಯ ಒಂದು ಬಾಗಿಲು

ಮಂಜೇಶ್ವರ, ಕಾಸರಗೋಡು ಕಡೆಯವರು ಕರ್ನಾಟಕದಲ್ಲಿ ಕಲಿಯಬೇಕೆಂದರೆ ಮ್ಯಾನೇಜ್‌ಮೆಂಟ್ ಸೀಟೇ ಗತಿ ಎಂಬ ಮಾತು ಪೂರ್ತಿ ಸರಿಯಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಕೆಇಎ, ನಡೆಸುವ ಸಿಇಟಿಯ ಅರ್ಹತಾ ನಿಯಮದಲ್ಲಿ ಗಡಿನಾಡ ಕನ್ನಡಿಗರಿಗೆ ಒಂದು ವಿಧಿ ಇದೆ. ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳು ಮತ್ತು ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತ ಮುಂತಾದ ಪ್ರದೇಶಗಳು ಇದರಲ್ಲಿ ಬರುತ್ತವೆ. ಈ ವಿಧಿಯಡಿ ಬರುವವರಿಗೆ ಕೆಇಎ ಪ್ರತ್ಯೇಕ ಕನ್ನಡ ಪರೀಕ್ಷೆ ನಡೆಸುತ್ತದೆ. ಮಾತೃಭಾಷೆಯ ಷರತ್ತೂ ಇದೆ. ಮನೆಮಾತು ಬ್ಯಾರಿ ಆಗಿರುವವರು ಆ ವರ್ಷದ ಕೈಪಿಡಿಯಲ್ಲಿ ಆ ವಿಧಿಯ ಪದಗಳನ್ನು ನಿಧಾನಕ್ಕೆ ಓದಿ, ಸಂಶಯ ಇದ್ದರೆ ಕೆಇಎ ಸಹಾಯ ಕೇಂದ್ರದಲ್ಲಿ ಕೇಳಿ, ಆಮೇಲೆ ಆ ವಿಧಿ ಆರಿಸಬೇಕು. ಇದನ್ನು ಸಿಇಟಿ ಅರ್ಜಿ ತುಂಬುವಾಗಲೇ ಆರಿಸಬೇಕು. ರಿಸಲ್ಟ್ ಬಂದ ಮೇಲೆ ನೆನಪಾದರೆ ಪ್ರಯೋಜನ ಇಲ್ಲ.

ಉಪ್ಪ, ಉಮ್ಮನ ಕೆಲಸದ ಮೇಲೆ ಬರುವ ಹಣ

ದಕ್ಷಿಣ ಕನ್ನಡ, ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ಮಕ್ಕಳ ಫೀಸು ಕಟ್ಟಿದ್ದು ಉಮ್ಮ ಕಟ್ಟಿದ ಬೀಡಿ. ಆ ಉಮ್ಮನ ಹೆಸರಿನಲ್ಲಿ ಬೀಡಿ ಕಾರ್ಮಿಕರ ಗುರುತಿನ ಚೀಟಿ ಇದ್ದರೆ ಅದು ಮಗಳಿಗೆ ಸ್ಕಾಲರ್‌ಶಿಪ್ ತರುವ ಕಾಗದವೂ ಹೌದು. ಕೇಂದ್ರ ಕಾರ್ಮಿಕ ಸಚಿವಾಲಯ ಬೀಡಿ ಕಾರ್ಮಿಕರ ಮಕ್ಕಳಿಗೆ ಶೈಕ್ಷಣಿಕ ಸಹಾಯಧನ ಕೊಡುತ್ತದೆ. ಅರ್ಜಿ ಎನ್‌ಎಸ್‌ಪಿಯಲ್ಲೇ. ಪದವಿಗೆ ವರ್ಷಕ್ಕೆ 6,000 ರೂಪಾಯಿ, ವೃತ್ತಿಪರ ಕೋರ್ಸಿಗೆ 25,000. ಪೋರ್ಟಲಿನಲ್ಲಿ ಕೋರ್ಸ್ ಆರಿಸುವಾಗ ನಿಮ್ಮ ನರ್ಸಿಂಗ್ ಕೋರ್ಸ್ ಯಾವ ಗುಂಪಿನಲ್ಲಿದೆ ಎಂದು ಸರಿಯಾಗಿ ನೋಡಿ, ಸಂಶಯ ಬಂದರೆ ಕಾಲೇಜಿನ ನೋಡಲ್ ಅಧಿಕಾರಿಯಲ್ಲಿ ಕೇಳಿ. ಯಾಕೆಂದರೆ ಎರಡು ಗುಂಪಿನ ನಡುವೆ 19,000 ರೂಪಾಯಿ ವ್ಯತ್ಯಾಸ.

ಷರತ್ತುಗಳು ಇವು: ಉಮ್ಮ ಅಥವಾ ಉಪ್ಪ ಕನಿಷ್ಠ 6 ತಿಂಗಳು ಬೀಡಿ ಕೆಲಸದಲ್ಲಿರಬೇಕು. ಎಲ್ಲ ಮೂಲ ಸೇರಿ ಮನೆಯ ಆದಾಯ ತಿಂಗಳಿಗೆ 10,000 ಮೀರಬಾರದು. ವಿದ್ಯಾರ್ಥಿ ಹಿಂದಿನ ಪರೀಕ್ಷೆಯನ್ನು ಮೊದಲ ಪ್ರಯತ್ನದಲ್ಲೇ ಪಾಸಾಗಿರಬೇಕು. ಬ್ರಾಂಚಿನಿಂದ ಎಲೆ, ತಂಬಾಕು ತಂದು ಇಪ್ಪತ್ತು ವರ್ಷ ಬೀಡಿ ಕಟ್ಟಿದರೂ ಗುರುತಿನ ಚೀಟಿ ಮಾಡಿಸದ ಉಮ್ಮಂದಿರು ಇದ್ದಾರೆ. ಮಗಳು 9ನೇ ತರಗತಿಯಲ್ಲಿರುವಾಗಲೇ ಆ ಚೀಟಿ ಮಾಡಿಸಿಡುವುದು ಬುದ್ಧಿವಂತಿಕೆ.

ಇದೇ ರೀತಿ ಕಟ್ಟಡ ಕೆಲಸದವರಿಗೆ ಎರಡೂ ರಾಜ್ಯಗಳಲ್ಲಿ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿ ಇದೆ. ಉಪ್ಪ ಗಾರೆ, ಸೆಂಟ್ರಿಂಗ್, ಪೈಂಟಿಂಗ್, ಟೈಲ್ಸ್ ಕೆಲಸದವರಾಗಿದ್ದು ಕಾರ್ಡ್ ನವೀಕರಿಸಿಕೊಂಡು ಬಂದಿದ್ದರೆ ಮಕ್ಕಳ ಕಲಿಕೆಗೆ ಸಹಾಯಧನ ಕೇಳಬಹುದು. ಕೇರಳದಲ್ಲಿ ಬೀಡಿ, ಮೋಟಾರು, ಮೀನುಗಾರಿಕೆ ಮೊದಲಾದ ಕೆಲಸಗಳಿಗೆ ಬೇರೆ ಬೇರೆ ಕ್ಷೇಮನಿಧಿ ಮಂಡಳಿಗಳಿವೆ. ಮನೆಯ ಕಪಾಟಿನಲ್ಲಿರುವ ಪಾಸ್‌ಬುಕ್, ಕಾರ್ಡ್ ಎಲ್ಲ ಒಮ್ಮೆ ತೆಗೆದು ನೋಡಿ. ಅಂಶದಾಯಿ ಬಾಕಿ ಇದ್ದರೆ ಕಟ್ಟಿ ಸರಿಮಾಡಿ. ಕಾರ್ಡ್ ರದ್ದಾಗಿದ್ದರೆ ಅರ್ಜಿ ನಿಲ್ಲುವುದಿಲ್ಲ.

ನಿಜವಾದ ಲೆಕ್ಕ

ಈಗ ಅಂಗಡಿಯ ಲೆಕ್ಕದ ಹಾಗೆ ಕೂಡಿಸಿ ನೋಡೋಣ. ಒಂದು ಖಾಸಗಿ ಕಾಲೇಜಿನಲ್ಲಿ ಬಿಎಸ್ಸಿ ನರ್ಸಿಂಗ್‌ಗೆ ಫೀಸು ವರ್ಷಕ್ಕೆ 80,000, ಹಾಸ್ಟೆಲ್ ಮತ್ತು ಊಟ 60,000 ಎಂದಿಟ್ಟುಕೊಳ್ಳಿ. ವರ್ಷಕ್ಕೆ 1,40,000. ನಾಲ್ಕು ವರ್ಷಕ್ಕೆ 5,60,000. ಸೆಂಟ್ರಲ್ ಸೆಕ್ಟರ್ ಸ್ಕಾಲರ್‌ಶಿಪ್ ನಾಲ್ಕು ವರ್ಷವೂ ತಪ್ಪದೆ ಸಿಕ್ಕಿದರೆ ಒಟ್ಟು 56,000. ಅಂದರೆ ಖರ್ಚಿನ ಹತ್ತರಲ್ಲಿ ಒಂದು ಪಾಲು. ಉಳಿದ ಒಂಬತ್ತು ಪಾಲು ಮನೆಯ ಮೇಲೆಯೇ.

"ಸ್ಕಾಲರ್‌ಶಿಪ್ ಸಿಗ್ತದೆ, ಸೇರಿಸಿ" ಎಂಬ ಮಾತು ಕೇಳಿ ಮ್ಯಾನೇಜ್‌ಮೆಂಟ್ ಸೀಟು ಹಿಡಿಯಬಾರದು ಎನ್ನುವುದು ಇದಕ್ಕೇ. ಫೀಸೇ ಕಡಿಮೆ ಇರುವ ಸರಕಾರಿ ಕಾಲೇಜು ಅಥವಾ ಸರಕಾರಿ ಕೋಟಾದ ಸೀಟು ಯಾವ ಸ್ಕಾಲರ್‌ಶಿಪ್‌ಗಿಂತಲೂ ದೊಡ್ಡ ಉಳಿತಾಯ. ಕೇರಳದಲ್ಲಿ ಬಿಎಸ್ಸಿ ನರ್ಸಿಂಗ್‌ನ ಮೆರಿಟ್ ಪ್ರವೇಶ ಎಲ್‌ಬಿಎಸ್ ಸೆಂಟರ್ ಮೂಲಕ ನಡೆಯುತ್ತದೆ, ಕರ್ನಾಟಕದಲ್ಲಿ ಕೆಇಎ ಮೂಲಕ. ಎರಡರ ಅರ್ಜಿ ದಿನಾಂಕವನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಮೊದಲ ಪಟ್ಟಿಯಲ್ಲಿ ಹೆಸರು ಬರಲಿಲ್ಲ ಎಂದು ಮರುದಿನವೇ ಏಜೆಂಟರ ಬಳಿ ಓಡುವ ಬದಲು ಮುಂದಿನ ಸುತ್ತುಗಳನ್ನು ಕಾಯಿರಿ.

ಹಣವೇ ಬೇಡದ ಒಂದು ದಾರಿಯೂ ಇದೆ. ಮಿಲಿಟರಿ ನರ್ಸಿಂಗ್ ಸರ್ವಿಸ್‌ನ ಬಿಎಸ್ಸಿ ನರ್ಸಿಂಗ್. ಪುಣೆ, ಕೋಲ್ಕತ್ತಾ, ಮುಂಬೈ, ದೆಹಲಿ, ಲಕ್ನೋ, ಬೆಂಗಳೂರಿನ ಸೇನಾ ನರ್ಸಿಂಗ್ ಕಾಲೇಜುಗಳಲ್ಲಿ ಒಟ್ಟು 220 ಸೀಟು. ಅವಿವಾಹಿತ ಹೆಣ್ಮಕ್ಕಳಿಗೆ ಮಾತ್ರ, ನೀಟ್ ಪರೀಕ್ಷೆ ಬರೆದಿರಬೇಕು. ಕಲಿಕೆ ಉಚಿತ, ಮುಗಿದ ಮೇಲೆ ಸೇನೆಯಲ್ಲಿ ಸೇವೆ ಸಲ್ಲಿಸುವ ಒಪ್ಪಂದ ಇರುತ್ತದೆ. ನೀಟ್ ಡಾಕ್ಟರ್ ಆಗುವವರಿಗೆ ಮಾತ್ರ ಎಂದು ತಿಳಿದು ಬರೆಯದೇ ಇರುವ ಮಕ್ಕಳು ಈ ಅವಕಾಶ ಕಳೆದುಕೊಳ್ಳುತ್ತಾರೆ.

ಅರ್ಜಿ ಎಲ್ಲಿ ಕೆಡುತ್ತದೆ

ಅರ್ಹತೆ ಇದ್ದೂ ಹಣ ಬಾರದೆ ಹೋಗುವುದಕ್ಕೆ ಕಾರಣ ಹೆಚ್ಚಾಗಿ ಸಣ್ಣ ಸಣ್ಣ ವಿಷಯಗಳು.

ಹೆಸರು. ನಮ್ಮಲ್ಲಿ ಇದು ಮೊದಲ ಶತ್ರು. ಆಧಾರ್‌ನಲ್ಲಿ ಫಾತಿಮತ್ ಝುಹ್ರಾ, ಎಸ್ಸೆಸ್ಸೆಲ್ಸಿಯಲ್ಲಿ ಫಾತಿಮಾ ಸುಹರಾ, ಬ್ಯಾಂಕಿನಲ್ಲಿ ಝುಹರಾ ಕೆ.ಎಂ. ಉಪ್ಪನ ಹೆಸರು ಒಂದು ಕಡೆ ಮಹಮ್ಮದ್, ಇನ್ನೊಂದು ಕಡೆ ಮುಹಮ್ಮದ್ ಕುಂಞಿ. ಮಲಯಾಳದಿಂದ ಇಂಗ್ಲಿಷಿಗೆ, ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ಅಕ್ಷರ ಬದಲಾಗುತ್ತದೆ. ಕಂಪ್ಯೂಟರಿಗೆ ಅದು ಬೇರೆ ಬೇರೆ ಮನುಷ್ಯರು. 10ನೇ ತರಗತಿಯ ಅಂಕಪಟ್ಟಿಯಲ್ಲಿ ಇರುವ ಹೆಸರನ್ನೇ ಆಧಾರ್‌ಗೂ ಬ್ಯಾಂಕಿಗೂ ಮಾಡಿಸಿ. ಇದನ್ನು ಪ್ಲಸ್ ಟು ಓದುತ್ತಿರುವಾಗಲೇ ಮುಗಿಸಬೇಕು.

ಆಧಾರ್ ಬಯೋಮೆಟ್ರಿಕ್. 15 ವರ್ಷ ತುಂಬಿದ ಮೇಲೆ ಬೆರಳಚ್ಚು, ಫೋಟೋ ಮತ್ತೆ ಕೊಡುವುದು ಕಡ್ಡಾಯ. ಎನ್‌ಎಸ್‌ಪಿಯಲ್ಲಿ ಈಗ ಒಂದು ಬಾರಿಯ ನೋಂದಣಿ, ಒಟಿಆರ್, ಮಾಡಿ 14 ಅಂಕಿಯ ಸಂಖ್ಯೆ ಪಡೆಯಬೇಕು. ಮೊಬೈಲಿನಲ್ಲಿ ಮುಖ ತೋರಿಸಿ ದೃಢೀಕರಿಸಬೇಕಾಗುತ್ತದೆ. ಆಧಾರ್‌ನಲ್ಲಿ ಐದು ವರ್ಷದ ಮಗುವಿನ ಫೋಟೋ ಇದ್ದರೆ ಮುಖ ಹೊಂದ್ಲಿಕ್ಕಿಲ್ಲ.

ಬ್ಯಾಂಕ್ ಖಾತೆ. ಖಾತೆಗೆ ಆಧಾರ್ ನಂಬರ್ ಕೊಟ್ಟರೆ ಮುಗಿಯಿತು ಎಂದಲ್ಲ. ಡಿಬಿಟಿ ಹಣ ಬರಬೇಕಾದರೆ ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಆಧಾರ್ ಸೀಡಿಂಗ್ ಆಗಿರಬೇಕು. ಎರಡು ಮೂರು ಖಾತೆ ಇದ್ದರೆ ಕೊನೆಗೆ ಸೀಡ್ ಮಾಡಿದ ಖಾತೆಗೆ ಹಣ ಹೋಗುತ್ತದೆ. "ನನಗೆ ಹಣ ಬರಲೇ ಇಲ್ಲ" ಎನ್ನುವವರಲ್ಲಿ ಕೆಲವರ ಹಣ ಶಾಲೆಯಲ್ಲಿದ್ದಾಗ ತೆರೆದ ಹಳೆಯ ಖಾತೆಯಲ್ಲಿ ಬಿದ್ದಿರುತ್ತದೆ. ಎರಡು ವರ್ಷ ವ್ಯವಹಾರ ಇಲ್ಲದ ಖಾತೆ ನಿಷ್ಕ್ರಿಯ ಆಗುತ್ತದೆ, ಅದನ್ನೂ ನೋಡಿ.

ಕಾಲೇಜು. ಎನ್‌ಎಸ್‌ಪಿಯ ಪಟ್ಟಿಯಲ್ಲಿ ಕಾಲೇಜಿನ ಹೆಸರು ಇಲ್ಲದಿದ್ದರೆ ಅರ್ಜಿ ಹಾಕ್ಲಿಕ್ಕೇ ಆಗುವುದಿಲ್ಲ. ಇದ್ದರೂ ಕಾಲೇಜಿನ ನೋಡಲ್ ಅಧಿಕಾರಿ ಪರಿಶೀಲಿಸಿ ಮುಂದೆ ಕಳಿಸದಿದ್ದರೆ ಅಲ್ಲೇ ಕೊಳೆಯುತ್ತದೆ. ಸೇರುವ ಮೊದಲೇ ಕಾಲೇಜಿನಲ್ಲಿ ಕೇಳಬೇಕಾದ ಪ್ರಶ್ನೆಗಳು: ನಿಮ್ಮ ಎಐಎಸ್‌ಎಚ್‌ಇ ಕೋಡ್ ಎಷ್ಟು? ಎನ್‌ಎಸ್‌ಪಿ ನೋಡಲ್ ಅಧಿಕಾರಿ ಯಾರು? ಕಳೆದ ವರ್ಷ ಎಷ್ಟು ಮಕ್ಕಳ ಅರ್ಜಿ ಪರಿಶೀಲಿಸಿದ್ದೀರಿ? ರಾಜ್ಯ ನರ್ಸಿಂಗ್ ಕೌನ್ಸಿಲಿನ ಮಾನ್ಯತೆ, ಪದವಿಯಾದರೆ ವಿಶ್ವವಿದ್ಯಾಲಯದ ಸಂಯೋಜನೆ ಈ ವರ್ಷಕ್ಕೆ ಇದೆಯಾ? ಉತ್ತರ ಕೊಡಲು ತಡವರಿಸುವ ಕಾಲೇಜಾದರೆ ಎರಡು ಸಲ ಯೋಚಿಸಿ.

ದಿನಾಂಕ. ನರ್ಸಿಂಗ್ ಪ್ರವೇಶ ಬೇರೆ ಕೋರ್ಸುಗಳಿಗಿಂತ ತಡವಾಗಿ ನಡೆಯುವುದುಂಟು, ಸ್ಕಾಲರ್‌ಶಿಪ್ ಕೊನೆಯ ದಿನ ಅದಕ್ಕೆ ಕಾಯುವುದಿಲ್ಲ. ಆದಾಯ ಪತ್ರ, ಒಟಿಆರ್, ಬ್ಯಾಂಕ್ ಸೀಡಿಂಗ್ ಮೊದಲೇ ಮುಗಿಸಿಟ್ಟವರಿಗೆ ಸೇರಿದ ದಿನವೇ ಅರ್ಜಿ ಹಾಕಬಹುದು. ಹಾಕಿದ ಮೇಲೆಯೂ ವಾರಕ್ಕೊಮ್ಮೆ ಸ್ಟೇಟಸ್ ನೋಡಿ. ದೋಷ ಇದೆ ಎಂದು ವಾಪಸ್ ಬಂದರೆ ತಿದ್ದಲು ಕೊಡುವ ಸಮಯ ಕಡಿಮೆ. ನವೀಕರಣವನ್ನು ಪ್ರತಿ ವರ್ಷ ಮಾಡಬೇಕು, ತನ್ನಷ್ಟಕ್ಕೆ ಆಗುವುದಿಲ್ಲ.

ಆದಾಯ ಪತ್ರದಲ್ಲಿ ಸುಳ್ಳು ಬೇಡ

ಉಪ್ಪ ಗಲ್ಫಿನಲ್ಲಿದ್ದರೂ ಅವರ ಸಂಬಳ ಬಿಟ್ಟು ಉಮ್ಮನ ಬೀಡಿ ಕೂಲಿ ಮಾತ್ರ ತೋರಿಸಿ ಆದಾಯ ಪತ್ರ ಮಾಡಿಸುವುದು ನಡೆಯುತ್ತದೆ. "ಎಲ್ಲರೂ ಮಾಡ್ತಾರೆ" ಎಂಬುದು ಸಮರ್ಥನೆ ಅಲ್ಲ. ಸಿಕ್ಕಿಬಿದ್ದರೆ ಪಡೆದ ಹಣ ವಾಪಸ್ ಕಟ್ಟಬೇಕು, ಮುಂದೆ ಅರ್ಜಿ ಹಾಕುವ ದಾರಿಯೂ ಮುಚ್ಚುತ್ತದೆ. ಅದಕ್ಕಿಂತ ದೊಡ್ಡದು, ಆ ಸೀಟು ನಿಜವಾಗಿ ಇಲ್ಲದವರ ಮಗುವಿನದ್ದು. ಯತೀಮ್ ಮಗುವಿನ ಪಾಲು ನಮ್ಮ ಮನೆಗೆ ಬಂದರೆ ಅದರಲ್ಲಿ ಬರ್ಕತ್ ಇರುವುದಿಲ್ಲ ಎಂದು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಏಜೆಂಟರು ಮತ್ತು ಮೂಲ ಸರ್ಟಿಫಿಕೇಟ್

"ಫ್ರೀ ನರ್ಸಿಂಗ್, ಸ್ಕಾಲರ್‌ಶಿಪ್ ನಾವೇ ಮಾಡಿ ಕೊಡ್ತೇವೆ" ಎಂದು ಮನೆಗೇ ಬರುವವರಿದ್ದಾರೆ. ಒಂದೇ ಪ್ರಶ್ನೆ ಕೇಳಿ: ಯೋಜನೆಯ ಹೆಸರೇನು, ಯಾವ ಇಲಾಖೆಯದ್ದು? ಹೆಸರು ಹೇಳದಿದ್ದರೆ ಮಾತು ಮುಗಿಸಿ. ಕೆಲವು ಕಡೆ "ಸ್ಕಾಲರ್‌ಶಿಪ್" ಎಂದು ಹೇಳಿ ಸಹಿ ಹಾಕಿಸುವ ಕಾಗದ ಬ್ಯಾಂಕ್ ಸಾಲದ್ದಾಗಿರುತ್ತದೆ. ಓದದೆ ಸಹಿ ಬೇಡ, ಒಟಿಪಿ ಕೊಡಬೇಡಿ. ಸರಕಾರಿ ಸ್ಕಾಲರ್‌ಶಿಪ್ ಅರ್ಜಿಗೆ ಶುಲ್ಕ ಇಲ್ಲ. ಅಕ್ಷಯ ಅಥವಾ ಸೈಬರ್ ಅಂಗಡಿಯ ಸೇವಾ ಶುಲ್ಕ ಮಾತ್ರ.

ಮೂಲ ಅಂಕಪಟ್ಟಿಗಳನ್ನು ತೋರಿಸಿ ವಾಪಸ್ ತನ್ನಿ, ಪ್ರತಿ ಮಾತ್ರ ಕೊಡಿ. ಮೂಲ ದಾಖಲೆ ಇಟ್ಟುಕೊಳ್ಳಬಾರದು ಎಂದು ಯುಜಿಸಿ 2018ರಲ್ಲೇ ವಿಶ್ವವಿದ್ಯಾಲಯ ಮತ್ತು ಅವುಗಳ ಕಾಲೇಜುಗಳಿಗೆ ಹೇಳಿದೆ. ಕಾಲೇಜಿನಲ್ಲಿ ಸರ್ಟಿಫಿಕೇಟ್ ಸಿಕ್ಕಿಹಾಕಿಕೊಂಡರೆ ಸರಕಾರಿ ಸೀಟು ಸಿಕ್ಕಿದರೂ ಹೋಗ್ಲಿಕ್ಕೆ ಆಗುವುದಿಲ್ಲ.

ಜಮಾಅತ್‌ಗಳು ಮಾಡಬಹುದಾದ್ದು

ಸರಕಾರಿ ಹಣ ಬರುವುದು ವರ್ಷದ ಕೊನೆಗೆ, ಫೀಸು ಕಟ್ಟಬೇಕಾದ್ದು ಆರಂಭದಲ್ಲಿ. ಈ ನಡುವಿನ ಆರೆಂಟು ತಿಂಗಳಲ್ಲೇ ಮಕ್ಕಳು ಕಲಿಕೆ ಬಿಡುವುದು. ಬಡ್ಡಿ ಸಾಲ ಬೇಡ ಎನ್ನುವ ಮನೆಗಳಿಗೆ ಇಲ್ಲಿ ಊರಿನ ಜಮಾಅತ್, ಯುವಕರ ಸಂಘ, ಗಲ್ಫಿನ ಊರ ಕೂಟಗಳ ಬಡ್ಡಿಯಿಲ್ಲದ ಕೈಗಡ ತುಂಬಾ ಉಪಕಾರ. ಒಮ್ಮೆ ವೇದಿಕೆ ಕಟ್ಟಿ, ಶಾಲು ಹಾಕಿ, 5,000ದ ಚೆಕ್ ಕೊಡುವುದಕ್ಕಿಂತ ಒಬ್ಬ ವಿದ್ಯಾರ್ಥಿನಿಯ ಕೋರ್ಸ್ ಮುಗಿಯುವ ತನಕ ಕೈ ಬಿಡದೆ ನಿಲ್ಲುವುದು ದೊಡ್ಡದು. ಹಣ ಇಲ್ಲದ ಜಮಾಅತ್ ಕೂಡ ಒಂದು ಕೆಲಸ ಮಾಡಬಹುದು. ರಿಸಲ್ಟ್ ಬರುವ ಸಮಯಕ್ಕೆ ಮದ್ರಸದ ಒಂದು ಕೋಣೆಯಲ್ಲಿ ಕಂಪ್ಯೂಟರ್, ಪ್ರಿಂಟರ್ ಇಟ್ಟು, ಕಲಿತ ಇಬ್ಬರು ಹುಡುಗ ಹುಡುಗಿಯರನ್ನು ಎರಡು ಭಾನುವಾರ ಕೂರಿಸಿದರೆ ಸಾಕು.

ಈ ವಾರವೇ ಮಾಡಿ ಮುಗಿಸಬೇಕಾದ್ದು

ಮನೆಯಲ್ಲಿ ಪ್ಲಸ್ ಟು ಅಥವಾ ಪಿಯುಸಿ ಓದುವ ಮಗು ಇದ್ದರೆ ಒಂದು ಫೈಲ್ ಮಾಡಿ. ಅದರಲ್ಲಿ ಇವು ಇರಲಿ: 10 ಮತ್ತು 12ರ ಅಂಕಪಟ್ಟಿ, ಆಧಾರ್ ಪ್ರತಿ, ಮೊಬೈಲ್ ನಂಬರ್ ಸೇರಿಸಿದ ಬ್ಯಾಂಕ್ ಪಾಸ್‌ಬುಕ್, ಆದಾಯ ಪತ್ರ, ವಾಸ ದೃಢೀಕರಣ ಪತ್ರ, ಸಮುದಾಯ ಅಥವಾ ಅಲ್ಪಸಂಖ್ಯಾತ ಪತ್ರ, ರೇಷನ್ ಕಾರ್ಡ್, ಉಪ್ಪ ಉಮ್ಮನ ಕ್ಷೇಮನಿಧಿ ಅಥವಾ ಬೀಡಿ ಕಾರ್ಡ್, ಯತೀಮ್ ಮಕ್ಕಳಾದರೆ ಮರಣ ಪತ್ರ, ಸೇರಿದ ಮೇಲೆ ಕಾಲೇಜಿನ ಫೀಸು ರಶೀದಿ ಮತ್ತು ಬೋನಾಫೈಡ್. ಮೊಬೈಲಿನಲ್ಲೂ ಇದರ ಸ್ಕ್ಯಾನ್ ಇರಲಿ.

ಆಮೇಲೆ ಒಂದು ಬಿಳಿ ಹಾಳೆಯಲ್ಲಿ ಎರಡು ಗೆರೆ ಎಳೆದು ಮೂರು ಕಾಲಂ ಮಾಡಿ. ಮೊದಲನೆಯದರಲ್ಲಿ ಕೇರಳದಲ್ಲಿ ಕಲಿತರೆ ಸಿಗುವುದು, ಎರಡನೆಯದರಲ್ಲಿ ಕರ್ನಾಟಕದಲ್ಲಿ ಕಲಿತರೆ ಸಿಗುವುದು, ಮೂರನೆಯದರಲ್ಲಿ ಎಲ್ಲಿ ಕಲಿತರೂ ಸಿಗುವುದು. ಅದರ ಕೆಳಗೆ ಎರಡೂ ಕಡೆಯ ನಾಲ್ಕು ವರ್ಷದ ಖರ್ಚು ಬರೆಯಿರಿ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಹಾಳೆ ನೋಡಿ, ಆಮೇಲೆ ಸೀಟು ತೀರ್ಮಾನಿಸಿ. ಎರಡನೇ ವರ್ಷ ಫೀಸು ಕಟ್ಟಲಾಗದೆ ಮನೆಗೆ ಮರಳುವ ಮಕ್ಕಳ ಸಂಖ್ಯೆ ಕಡಿಮೆ ಮಾಡಲು ಇಷ್ಟು ಸಣ್ಣ ಕೆಲಸದಿಂದಲೂ ಆಗುತ್ತದೆ.